ತೊಟ್ಟಿಲ ಬಳಿಯ ಪ್ರಶ್ನೆ



ಸಂತ ಲೂಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಒಂದು ಮನೆಯ ಸಂಭ್ರಮದ ವರ್ಣನೆಯಿದೆ. ಮುಪ್ಪಿನ ವಯಸ್ಸಿನಲ್ಲಿ ಎಲಿಜಬೇತಳಿಗೆ ಗಂಡುಮಗು ಜನಿಸಿದೆ. ನೆಂಟರಿಷ್ಟರು, ನೆರೆಹೊರೆಯವರು ನೆರೆದಿದ್ದಾರೆ. ಒಂಬತ್ತು ತಿಂಗಳು ಮೂಕನಾಗಿದ್ದ ಜೆಕರೀಯನು ಮಗುವಿನ ಹೆಸರನ್ನು ಬರೆದು ತೋರಿಸಿದೊಡನೆ ಅವನ ನಾಲಿಗೆಯ ಕಟ್ಟು ಸಡಿಲಗೊಳ್ಳುತ್ತದೆ. ಆಗ ಸುತ್ತಲಿನ ಬೆಟ್ಟಗುಡ್ಡಗಳ ಜನರೆಲ್ಲ ಬೆರಗಾಗಿ, ಈ ಮಗು ಮುಂದೆ ಏನಾಗಲಿದೆಯೋ ಎಂದು ತಮ್ಮೊಳಗೆ ಕೇಳಿಕೊಂಡರೆಂದು ಶುಭಸಂದೇಶಕಾರನು ಹೇಳುತ್ತಾನೆ. ಅಂದಿನಿಂದ ಇಂದಿನವರೆಗೂ ಪ್ರತಿಯೊಂದು ತೊಟ್ಟಿಲ ಬಳಿಯೂ ಕೇಳಿಬರುವ ಪ್ರಶ್ನೆ ಇದೇ ಅಲ್ಲವೇ?

ಪ್ರಶ್ನೆ ಸಹಜವಾದುದು, ಪ್ರೀತಿಯಿಂದ ಹುಟ್ಟುವಂಥದು. ಆದರೆ ಉತ್ತರವನ್ನು ನಾವು ಎಲ್ಲಿ ಹುಡುಕುತ್ತೇವೆ ಎಂಬುದು ಯೋಚಿಸಬೇಕಾದ ವಿಷಯ. ನಮ್ಮ ನಾಡಿನಲ್ಲಿ ಅನೇಕರು ಅದನ್ನು ಹುಟ್ಟಿದ ದಿನದಲ್ಲಿ, ಗಳಿಗೆಯಲ್ಲಿ, ನಕ್ಷತ್ರದಲ್ಲಿ ಹುಡುಕುತ್ತಾರೆ. ಒಳ್ಳೆಯ ಮುಹೂರ್ತ ನೋಡಿ ಹೆರಿಗೆಯ ಶಸ್ತ್ರಚಿಕಿತ್ಸೆಯ ಸಮಯವನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಈಗ ಹೊಸತೇನೂ ಅಲ್ಲ. ಇದು ಅನ್ಯಧರ್ಮೀಯರ ಮಾತು, ನಮಗೇಕೆ ಎಂದು ನಾವು ಹೇಳಿಬಿಡುವಂತಿಲ್ಲ. ಭಾನುವಾರ ತಪ್ಪದೆ ಬಲಿಪೂಜೆಗೆ ಬರುವ ಮನೆಗಳಲ್ಲಿಯೂ "ಇವನು ಹುಟ್ಟಿದ ಗಳಿಗೆಯೇ ಸರಿಯಿಲ್ಲ", "ಇವಳ ಕಾಲ್ಗುಣದಿಂದಲೇ ಮನೆಗೆ ಈ ಗತಿ ಬಂತು" ಎಂಬ ಮಾತುಗಳು ಕೇಳಿಬರುತ್ತವೆ. ಆಡುವವರು ಆಡಿ ಮರೆಯುತ್ತಾರೆ. ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ ಮಗು ಮಾತ್ರ ಮರೆಯುವುದಿಲ್ಲ. ಆದ್ದರಿಂದ ಹುಟ್ಟಿದ ದಿನವು ಮನುಷ್ಯನನ್ನು ನಿರ್ಧರಿಸುತ್ತದೆಯೇ ಎಂಬುದನ್ನು ಒಮ್ಮೆ ಶಾಂತವಾಗಿ ಪರಿಶೀಲಿಸೋಣ.

ಪರಿಶೀಲನೆಗೆ ಒಂದು ದಿನಾಂಕವನ್ನು ಆರಿಸಿಕೊಳ್ಳೋಣ: ನವೆಂಬರ್ 22. ಅದು ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಸ್ಮರಣೆಯ ದಿನ. ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಿಗೆ ಇದು ಪರಿಚಿತವಾದ ಹಬ್ಬ. ಈ ದಿನದಂದು ಹುಟ್ಟಿದ ಸಂಗೀತಗಾರರ ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗದಿರದು. ಮಹಾನ್ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ರ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮನ್ ಬಾಖ್ ಜರ್ಮನಿಯ ವೈಮಾರ್ ನಗರದಲ್ಲಿ ಹುಟ್ಟಿದ್ದು 1710ರ ನವೆಂಬರ್ 22ರಂದು. ಅಮೆರಿಕದ ಜನಪ್ರಿಯ ಗೀತೆಗಳ ಹಾಗೂ ಜಾಜ್ ಸಂಗೀತದ ರಚನಕಾರ ಹೋಗೀ ಕಾರ್‌ಮೈಕಲ್ ಹುಟ್ಟಿದ್ದು 1899ರ ಅದೇ ದಿನ. ಗಿಟಾರಿಗಾಗಿ 'ಅರಾನ್‌ಹ್ವೆಸ್ ಕಾನ್ಸರ್ಟೊ' ಎಂಬ ಕೃತಿಯನ್ನು ರಚಿಸಿದ ಸ್ಪೇನಿನ ಹ್ವಾಕೀನ್ ರೊಡ್ರಿಗೊ 1901ರಲ್ಲಿ, ಇಂಗ್ಲೆಂಡಿನ ಶ್ರೇಷ್ಠ ರಚನಕಾರ ಬೆಂಜಮಿನ್ ಬ್ರಿಟ್ಟನ್ 1913ರಲ್ಲಿ ಅದೇ ದಿನ ಹುಟ್ಟಿದರು. ಪಿಯಾನೊ ವಾದಕ ಸ್ಟೀಫನ್ ಹಫ್ (1961), ಕೊರಿಯಾದ ಗಾಯಕಿ ಸುಮಿ ಜೋ (1962) ಇವರದೂ ಅದೇ ಜನ್ಮದಿನ. ರಾಕ್ ಸಂಗೀತದ ಇಬ್ಬರು ಪ್ರಸಿದ್ಧರು, ಗಿಟಾರ್ ನುಡಿಸುವ ಸ್ಟೀವನ್ ವ್ಯಾನ್ ಜ್ಯಾಂಟ್ ಮತ್ತು ಬೇಸ್ ಗಿಟಾರ್ ನುಡಿಸುವ ಟೀನಾ ವೇಮತ್, 1950ರ ಒಂದೇ ನವೆಂಬರ್ 22ರಂದು ಅಮೆರಿಕದ ಎರಡು ಅಂಚುಗಳಲ್ಲಿ ಜನಿಸಿದರು.

ಚರ್ಚ್ ಸಂಗೀತ, ಗಿಟಾರ್, ಒಪೆರಾ, ಜಾಜ್, ರಾಕ್, ಹೀಗೆ ಬಗೆಬಗೆಯ ಸಂಗೀತದವರೆಲ್ಲ ಸಂಗೀತದ ಸಂತಳ ಹಬ್ಬದಂದೇ ಹುಟ್ಟಿದ್ದಾರೆ. "ನೋಡಿದಿರಾ ಫಾದರ್, ದಿನಕ್ಕೆ ಶಕ್ತಿಯಿದೆ!" ಎಂದು ಯಾರಾದರೂ ಹೇಳಿದರೆ ಏನು ಉತ್ತರ ಕೊಡೋಣ?

ಮೊದಲು ಆ ದಿನಕ್ಕೆ ಸಂಗೀತದ ನಂಟು ಬಂದ ಬಗೆಯನ್ನು ನೋಡೋಣ. ಸಿಸಿಲಿಯ ರೋಮಾಪುರಿಯ ರಕ್ತಸಾಕ್ಷಿ. ಆಕೆಯ ಹೆಸರಿನ ಪುರಾತನ ದೇವಾಲಯ ಇಂದಿಗೂ ಆ ನಗರದ ಟ್ರಾಸ್ಟೆವೆರೆ ಎಂಬಲ್ಲಿದೆ. ಐದನೆಯ ಶತಮಾನದ ಸುಮಾರಿಗೆ ಬರೆಯಲಾದ ಆಕೆಯ ಚರಿತೆಯ ಪ್ರಕಾರ, ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ತನ್ನ ಹೃದಯದಲ್ಲಿ ದೇವರಿಗೆ ಹಾಡುತ್ತಿದ್ದಳು. ಆಕೆ ವಾದ್ಯ ನುಡಿಸಿದಳೆಂದು ಆ ಚರಿತೆ ಹೇಳುವುದಿಲ್ಲ. ಮುಂದೆ ಈ ಮಾತು ಆರಾಧನಾ ವಿಧಿಯ ಪಲ್ಲವಿಯೊಂದರಲ್ಲಿ ಸಂಕ್ಷಿಪ್ತವಾಗಿ ಸೇರಿತು. ಚಿತ್ರಕಾರರು ಆಕೆಯ ಕೈಗೆ ಆರ್ಗನ್ ಕೊಟ್ಟರು. 1585ರಲ್ಲಿ ಪೋಪ್ ಐದನೆಯ ಸಿಕ್ಸ್ತುಸ್ ಅವರು ರೋಮಿನ ಸಂಗೀತಗಾರರ ಸಂಘಕ್ಕೆ ಮನ್ನಣೆ ನೀಡಿದಾಗ ಸಂತ ಗ್ರೆಗೊರಿಯೊಡನೆ ಸಂತ ಸಿಸಿಲಿಯಳೂ ಅದರ ಪಾಲಕಿಯಾದಳು. ದೇವಾಲಯದ ಸಂಗೀತ ಹೇಗಿರಬೇಕೆಂಬುದನ್ನು ಕುರಿತ ತಮ್ಮ ಪ್ರಸಿದ್ಧ ಪತ್ರಕ್ಕೆ ಸಂತ ಹತ್ತನೆಯ ಪಿಯುಸ್ ಅವರು 1903ರ ನವೆಂಬರ್ 22ರ ದಿನಾಂಕವನ್ನೇ ಇತ್ತರು. ಆ ದಿನಕ್ಕೆ ಸಂಗೀತದ ನಂಟನ್ನು ಗ್ರಹತಾರೆಗಳು ತಂದಿಲ್ಲ. ಭಕ್ತರ ನೆನಪು, ಪ್ರಾರ್ಥನೆ, ಪ್ರೀತಿ ತಂದಿವೆ.

ಇನ್ನು, ಬೇರೊಂದು ದಿನವನ್ನು ನೋಡೋಣ. ಸೆಪ್ಟೆಂಬರ್ 16ರಂದು ಧರ್ಮಸಭೆ ಸಂತ ಕೊರ್ನೇಲಿಯುಸ್ ಮತ್ತು ಸಂತ ಸಿಪ್ರಿಯನ್ ಎಂಬ ರಕ್ತಸಾಕ್ಷಿಗಳನ್ನು ಸ್ಮರಿಸುತ್ತದೆ. ಅವರಿಗೂ ಸಂಗೀತಕ್ಕೂ ವಿಶೇಷ ಸಂಬಂಧವೇನಿಲ್ಲ. ಆದರೆ ಪುರಂದರದಾಸರ ಕೀರ್ತನೆಗಳನ್ನು ನಮ್ಮ ಮನೆಮನೆಗೆ ಮುಟ್ಟಿಸಿದ ಎಂ.ಎಸ್. ಸುಬ್ಬುಲಕ್ಷ್ಮಿಯವರು ಮಧುರೆಯಲ್ಲಿ ಹುಟ್ಟಿದ್ದು 1916ರ ಸೆಪ್ಟೆಂಬರ್ 16ರಂದು. ಅಮೆರಿಕದ ಮಿಸಿಸಿಪಿಯ ಹತ್ತಿಹೊಲಗಳ ನಡುವೆ ಬಡ ಗೇಣಿದಾರರ ಮಗನಾಗಿ ಬಿ.ಬಿ. ಕಿಂಗ್ ಹುಟ್ಟಿದ್ದು 1925ರ ಅದೇ ದಿನ; ಆತ ಬ್ಲೂಸ್ ಸಂಗೀತದ ಅರಸನೆನಿಸಿದ. ಇಪ್ಪತ್ತನೆಯ ಶತಮಾನದ ಅನೇಕ ಸಂಗೀತ ರಚನಕಾರರಿಗೆ ಗುರುವಾಗಿದ್ದ, ಶ್ರದ್ಧಾವಂತ ಕಥೋಲಿಕಳಾಗಿದ್ದ ನಾಡಿಯಾ ಬುಲಾಂಜೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದೂ 1887ರ ಅದೇ ದಿನ. ಯಾವ ದಿನಾಂಕವನ್ನು ಕೆದಕಿದರೂ ಅಲ್ಲಿ ಸಂಗೀತಗಾರರು ಸಿಗುತ್ತಾರೆ. ಹುಡುಕಿದರೆ ವೈದ್ಯರೂ ಸಿಗುತ್ತಾರೆ, ರೈತರೂ ಸಿಗುತ್ತಾರೆ, ಕಳ್ಳರೂ ಸಿಗುತ್ತಾರೆ.

ಇದು ಸರಳ ಲೆಕ್ಕ. ಜಗತ್ತಿನಲ್ಲಿ ದಿನವೊಂದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ವರ್ಷದಲ್ಲಿರುವುದು 365 ಅಥವಾ 366 ದಿನಗಳು ಮಾತ್ರ. ನಿಮ್ಮ ಧರ್ಮೋಪದೇಶದ ತರಗತಿಯಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚೆಂದು ಗಣಿತಜ್ಞರು ತೋರಿಸಿಕೊಟ್ಟಿದ್ದಾರೆ. ನಂಬಲು ಕಷ್ಟವೆನಿಸಬಹುದು. ಆದರೆ 23 ಮಕ್ಕಳನ್ನು ಇಬ್ಬಿಬ್ಬರಾಗಿ ಹೋಲಿಸುತ್ತ ಹೋದರೆ 253 ಜೋಡಿಗಳಾಗುತ್ತವೆ. ಅಷ್ಟು ಜೋಡಿಗಳಲ್ಲಿ ಒಂದಾದರೂ ಹೊಂದಿಕೆಯಾಗುವುದು ಸೋಜಿಗವಲ್ಲ. ನಲವತ್ತು ಮಕ್ಕಳಿದ್ದರಂತೂ ಆ ಸಂಭವ ಹತ್ತರಲ್ಲಿ ಒಂಬತ್ತರ ಹತ್ತಿರಕ್ಕೆ ಬರುತ್ತದೆ. ಹೊಂದಿಕೆಯಾದುದನ್ನು ಮಾತ್ರ ನೆನಪಿಡುವುದು, ಹೊಂದದ ಸಾವಿರವನ್ನು ಮರೆಯುವುದು ಮನುಷ್ಯನ ಸ್ವಭಾವ. ಮೇಲೆ ಹೇಳಿದ ರಾಕ್ ಸಂಗೀತಗಾರರಿಬ್ಬರೂ ಒಂದೇ ದಿನ ಹುಟ್ಟಿದ್ದು ನಮ್ಮ ಗಮನ ಸೆಳೆಯುತ್ತದೆ. ಅದೇ ದಿನ ಹುಟ್ಟಿ ವಾದ್ಯವನ್ನೇ ಮುಟ್ಟದೆ ಬಾಳಿದ ಲಕ್ಷಾಂತರ ಮಂದಿಯ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಈ ವಿಚಾರವನ್ನು ನಮಗಿಂತ ಬಹಳ ಹಿಂದೆಯೇ ಆಳವಾಗಿ ಚಿಂತಿಸಿದವರು ಸಂತ ಅಗಸ್ಟೀನರು. ಯೌವನದಲ್ಲಿ ಅವರೂ ಜ್ಯೋತಿಷ್ಯವನ್ನು ನಂಬಿದ್ದರು. ಅವರ ಮನಸ್ಸನ್ನು ತಿರುಗಿಸಿದ ಘಟನೆಗಳಲ್ಲಿ ಒಂದನ್ನು 'ಆತ್ಮನಿವೇದನೆ'ಯ ಏಳನೆಯ ಭಾಗದಲ್ಲಿ ಹೇಳಿದ್ದಾರೆ. ಅವರಿಗೆ ಫರ್ಮಿನುಸ್ ಎಂಬ ಗೆಳೆಯನಿದ್ದ. ಆತನ ತಂದೆಗೆ ಗ್ರಹಗತಿಯನ್ನು ಗುಣಿಸುವ ಹುಚ್ಚು. ಮನೆಯ ಪ್ರಾಣಿಗಳು ಮರಿಹಾಕಿದ ಗಳಿಗೆಯನ್ನೂ ಗುರುತು ಹಾಕಿಕೊಳ್ಳುತ್ತಿದ್ದ. ಫರ್ಮಿನುಸನ ತಾಯಿ ಬಸುರಿಯಾದಾಗಲೇ ತಂದೆಯ ಸ್ನೇಹಿತನ ಮನೆಯ ದಾಸಿಯೊಬ್ಬಳೂ ಬಸುರಿಯಾಗಿದ್ದಳು. ಇಬ್ಬರೂ ಒಂದೇ ಹೊತ್ತಿಗೆ ಹೆತ್ತರು. ಸುದ್ದಿ ಮುಟ್ಟಿಸಲು ಎರಡೂ ಮನೆಗಳಿಂದ ಹೊರಟ ಆಳುಗಳು ದಾರಿಯ ನಡುಮಧ್ಯದಲ್ಲಿಯೇ ಎದುರಾದರು. ಜಾತಕ ಬರೆದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಫರ್ಮಿನುಸನು ಸಿರಿವಂತನಾಗಿ ಮಾನಮರ್ಯಾದೆ ಪಡೆದು ಬಾಳಿದ. ದಾಸಿಯ ಮಗ ದಾಸನಾಗಿಯೇ ಉಳಿದ. ಹಾಗಾದರೆ ಅವರ ಬಾಳನ್ನು ಬೇರೆ ಮಾಡಿದ್ದು ನಕ್ಷತ್ರವೇ? 'ದೇವನಗರ' ಗ್ರಂಥದಲ್ಲಿ ಅಗಸ್ಟೀನರು ಅವಳಿಗಳಾದ ಏಸಾವ ಯಕೋಬರ ಉದಾಹರಣೆಯನ್ನು ಎತ್ತಿಕೊಂಡು ಇದೇ ವಾದವನ್ನು ಮುಂದುವರಿಸಿದ್ದಾರೆ.

ದಾಸಿಯ ಮಗನ ಕಥೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸತ್ಯವಿದೆ. ಅವನನ್ನು ದಾಸ್ಯದಲ್ಲಿ ಇಟ್ಟದ್ದು ಗ್ರಹಗಳಲ್ಲ, ಮನುಷ್ಯರು. ಹಣೆಬರಹವೆಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಮನುಷ್ಯರೇ ಬರೆದದ್ದಾಗಿರುತ್ತದೆ. ಗಳಿಗೆಯನ್ನು ದೂರಿದರೆ ನಮ್ಮ ಕೈಗಳು ಶುದ್ಧವಾಗಿಯೇ ಉಳಿದಂತೆ ತೋರುತ್ತವೆ. ಅನ್ಯಾಯವನ್ನು ತಿದ್ದುವ ಹೊಣೆಯಿಂದ ಪಾರಾಗಲು ಅದಕ್ಕಿಂತ ಸುಲಭವಾದ ದಾರಿ ಬೇರೆಯಿಲ್ಲ.

ನವೆಂಬರ್ 22ರ ಮಕ್ಕಳ ಬಾಳು ಹೇಗೆ ಸಾಗಿತೆಂಬುದನ್ನೂ ನೋಡೋಣ. ವಿಲ್ಹೆಲ್ಮ್ ಫ್ರೀಡೆಮನ್‌ಗೆ ದೊರೆತಂಥ ಗುರು ಜಗತ್ತಿನಲ್ಲಿ ಯಾರಿಗೂ ದೊರೆಯಲಿಲ್ಲವೆನ್ನಬೇಕು. ಮಗ ಒಂಬತ್ತು ವರ್ಷದವನಿದ್ದಾಗ, 1720ರಲ್ಲಿ, ಅವನ ಕಲಿಕೆಗಾಗಿಯೇ ತಂದೆ ಒಂದು ಪಾಠಪುಸ್ತಕವನ್ನು ಬರೆಯತೊಡಗಿದರು. ಮಗನೂ ಅಸಾಧಾರಣ ಪ್ರತಿಭಾವಂತನಾದ; ಡ್ರೆಸ್ಡೆನ್‌ನಲ್ಲಿ, ಆಮೇಲೆ ಹಾಲೆ ನಗರದಲ್ಲಿ ಚರ್ಚಿನ ಆರ್ಗನ್ ವಾದಕನಾದ. ಆದರೆ 1764ರಲ್ಲಿ ಆ ಹುದ್ದೆಯನ್ನು ಬಿಟ್ಟ ಮೇಲೆ ಅವನಿಗೆ ಸ್ಥಿರವಾದ ನೆಲೆ ಸಿಗಲಿಲ್ಲ. 1784ರಲ್ಲಿ ಬರ್ಲಿನ್‌ನಲ್ಲಿ ಬಡತನದಲ್ಲಿಯೇ ತೀರಿಕೊಂಡ.

ಅದೇ ದಿನ ಹುಟ್ಟಿದ ರೊಡ್ರಿಗೊ ಮೂರು ವರ್ಷದ ಮಗುವಾಗಿದ್ದಾಗ ಗಂಟಲುಮಾರಿ ರೋಗದಿಂದ ದೃಷ್ಟಿ ಕಳೆದುಕೊಂಡರು. ನಮ್ಮ ಕಡೆಯಲ್ಲಾಗಿದ್ದರೆ ಯಾರಾದರೂ ಹುಟ್ಟಿದ ಗಳಿಗೆಯ ಕಡೆಗೆ ಬೆರಳು ತೋರಿಸದೆ ಇರುತ್ತಿದ್ದರೇ? ಆದರೆ ಆ ಬಾಲಕ ಬ್ರೈಲ್ ಲಿಪಿಯಲ್ಲಿ ಸಂಗೀತವನ್ನು ಕಲಿತರು, ಬ್ರೈಲ್‌ನಲ್ಲಿಯೇ ರಚಿಸಿದರು. ಕುರುಡುತನವೇ ತಮ್ಮನ್ನು ಸಂಗೀತದ ಕಡೆಗೆ ನಡೆಸಿತೆಂದು ಅವರೇ ಹೇಳಿಕೊಂಡಿದ್ದರು. ಅರಾನ್‌ಹ್ವೆಸ್ ಕೃತಿಯನ್ನು 1939ರಲ್ಲಿ ಬರೆದರು. ಅದೇ ವರ್ಷ ಅವರು ಮತ್ತು ಅವರ ಪತ್ನಿ ತಮ್ಮ ಮೊದಲ ಮಗುವನ್ನು ಹುಟ್ಟುವ ಮೊದಲೇ ಕಳೆದುಕೊಂಡಿದ್ದರು. 97 ವರ್ಷ ತುಂಬು ಬಾಳು ಬಾಳಿ 1999ರಲ್ಲಿ ದೈವಾಧೀನರಾದರು. ಕಾರ್‌ಮೈಕಲ್ ಅವರ ಬಾಳು ಮತ್ತೊಂದು ಬಗೆ. ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುತ್ತಿದ್ದ ತಾಯಿಯ ಮಗ ಕಾನೂನು ಪದವಿ ಪಡೆದು, ವಕೀಲಿಯನ್ನು ಬಿಟ್ಟು ಸಂಗೀತವನ್ನು ಆರಿಸಿಕೊಂಡರು. 1930ರಲ್ಲಿ ಅವರು ರಾಗ ಸಂಯೋಜಿಸಿದ ಜಾರ್ಜಿಯಾದ ಗೀತೆಯನ್ನು 1960ರಲ್ಲಿ ಅಂಧ ಗಾಯಕ ರೇ ಚಾರ್ಲ್ಸ್ ಹಾಡಿ ಲೋಕಪ್ರಸಿದ್ಧಗೊಳಿಸಿದರು. 1979ರಲ್ಲಿ ಅದು ಆ ರಾಜ್ಯದ ನಾಡಗೀತೆಯಾಯಿತು.

ದಿನ ಒಂದೇ, ಬಾಳು ಮೂರು ಬಗೆ. ಉತ್ತಮ ಮನೆತನದಲ್ಲಿ ಹುಟ್ಟಿದವನು ಬಡತನದಲ್ಲಿ ಸತ್ತ. ಕಣ್ಣು ಕಳೆದುಕೊಂಡವನು ಲೋಕಕ್ಕೆ ಹಾಡು ಕೊಟ್ಟ. ವಕೀಲನಾಗಬೇಕಿದ್ದವನು ಬೇರೆ ದಾರಿ ಹಿಡಿದ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಯೇಸುಸ್ವಾಮಿಯನ್ನು ಕೇಳಿದ್ದು ನಿಮಗೆ ನೆನಪಿರಬಹುದು. ಸ್ವಾಮಿ ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಹೇಳಿ, ಅವನಲ್ಲಿ ವ್ಯಕ್ತವಾಗಬೇಕಾದ ದೇವರ ಕಾರ್ಯದ ಕಡೆಗೆ ಅವರ ದೃಷ್ಟಿಯನ್ನು ತಿರುಗಿಸಿದರು. ವಿಕಲಚೇತನ ಮಗುವಿರುವ ಪ್ರತಿಯೊಂದು ಮನೆಯವರೂ, ಅದಕ್ಕಿಂತ ಹೆಚ್ಚಾಗಿ ಅಂಥ ಮನೆಯ ನೆರೆಹೊರೆಯವರೂ, ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದಿನಕ್ಕೆ ಯಾವ ಶಕ್ತಿಯೂ ಇಲ್ಲವೆಂದರೆ, ಸಂಗೀತದ ಸಂತಳ ಹಬ್ಬದಂದು ಬ್ರಿಟ್ಟನ್ ಹುಟ್ಟಿದ್ದಕ್ಕೆ ಏನೂ ಅರ್ಥವಿಲ್ಲವೇ? ದೇವರ ಪರಿಪಾಲನೆಯಲ್ಲಿ ಯಾವುದೂ ವ್ಯರ್ಥವಲ್ಲವೆಂದು ನಾವು ನಂಬುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರಿಸಬೇಕಾದರೆ ಕಾರಣವೇ ಬೇರೆ, ಗುರುತೇ ಬೇರೆ ಎಂಬುದನ್ನು ತಿಳಿಯಬೇಕು. ಬೆಂಕಿ ಸುಡುವುದಕ್ಕೆ ಕಾರಣ. ಅಲ್ಲಿ ಸುಡುವವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಮದುವೆಯ ಉಂಗುರ ಗುರುತು. ಅದು ಯಾರನ್ನೂ ಕಟ್ಟಿಹಾಕುವುದಿಲ್ಲ, ತೊಟ್ಟವರು ತಮ್ಮ ವಚನವನ್ನು ಪಾಲಿಸಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಬ್ರಿಟ್ಟನ್ ತಮ್ಮ ಜನ್ಮದಿನವನ್ನು ಈ ಎರಡನೆಯ ರೀತಿಯಲ್ಲಿ ಸ್ವೀಕರಿಸಿದರು. ಸಂತ ಸಿಸಿಲಿಯಳ ಗೌರವಾರ್ಥ ಒಂದು ಕೃತಿಯನ್ನು ರಚಿಸಬೇಕೆಂಬುದು ಅವರ ಆಸೆಯಾಗಿತ್ತು. 1942ರಲ್ಲಿ, ಮಹಾಯುದ್ಧದ ನಡುವೆ, ಅಮೆರಿಕದಿಂದ ತಾಯ್ನಾಡಿಗೆ ಹಡಗು ಹತ್ತುವಾಗ ಸುಂಕದ ಅಧಿಕಾರಿಗಳು ಆ ಹಸ್ತಪ್ರತಿಯನ್ನು ಗುಪ್ತಲಿಪಿಯಿರಬಹುದೆಂದು ಶಂಕಿಸಿ ಕಿತ್ತುಕೊಂಡರು. ಅವರು ಹಡಗಿನಲ್ಲಿಯೇ ಕುಳಿತು ಬರೆದದ್ದನ್ನು ಮತ್ತೆ ಬರೆದು ಕೃತಿಯನ್ನು ಪೂರ್ಣಗೊಳಿಸಿದರು. ದಿನವೇ ಸಂಗೀತವನ್ನು ಬರೆದಿದ್ದರೆ ಅವರು ಎರಡು ಸಲ ಶ್ರಮಪಡಬೇಕಿರಲಿಲ್ಲ! ಮುಂದೆ ಯುದ್ಧದಲ್ಲಿ ನಾಶವಾಗಿ ಮತ್ತೆ ಕಟ್ಟಲಾದ ಕವೆಂಟ್ರಿ ಪ್ರಧಾನಾಲಯಕ್ಕಾಗಿ 1962ರಲ್ಲಿ ಅವರು ನೀಡಿದ 'ಯುದ್ಧದ ಮೃತಪೂಜೆ' ಎಂಬ ಮಹಾಕೃತಿ ಮಡಿದವರಿಗಾಗಿ ಅರ್ಪಿಸುವ ಲತೀನ್ ಬಲಿಪೂಜೆಯ ಪ್ರಾರ್ಥನೆಗಳನ್ನು ಆಧರಿಸಿದೆ. ಅದನ್ನೂ ಅವರಿಂದ ಬರೆಯಿಸಿದ್ದು ತಿಥಿಯಲ್ಲ. ಯುದ್ಧವನ್ನು ವಿರೋಧಿಸಿದ ಅವರ ಮನಸ್ಸಾಕ್ಷಿ.

ಒಂದೇ ದಿನ ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲವೆಂಬುದನ್ನು ಬ್ರಿಟ್ಟನ್‌ರ ಐವತ್ತನೆಯ ಜನ್ಮದಿನ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅದು 1963ರ ನವೆಂಬರ್ 22. ಅದೇ ದಿನ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಡಲ್ಲಾಸ್ ನಗರದಲ್ಲಿ ಗುಂಡಿಗೆ ಬಲಿಯಾದರು. ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಆ ದಿನವನ್ನು ಶುಭವೆನ್ನೋಣವೇ, ಅಶುಭವೆನ್ನೋಣವೇ?

ಇನ್ನು ಕೆಲವರು ಮೂವರು ಜ್ಞಾನಿಗಳನ್ನು ಎತ್ತಿ, ಬೆತ್ಲೆಹೇಮಿನ ಶಿಶುವಿಗೂ ನಕ್ಷತ್ರವಿತ್ತಲ್ಲವೇ ಎನ್ನುತ್ತಾರೆ. ಇತ್ತು ನಿಜ. ಆದರೆ ಸಂತ ಮಹಾ ಗ್ರೆಗೊರಿಯವರು ವಿವರಿಸಿದಂತೆ, ನಕ್ಷತ್ರವೇ ಶಿಶುವಿನ ಬಳಿಗೆ ಸಾಗಿತು. ಶಿಶು ನಕ್ಷತ್ರದ ಬಳಿಗೆ ಹೋಗಲಿಲ್ಲ. ತಾರೆ ಶಿಶುವಿನ ಸೇವಕ, ಒಡೆಯನಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2116ನೆಯ ಪರಿಚ್ಛೇದದಲ್ಲಿ ಜಾತಕ ನೋಡುವುದನ್ನೂ ಜ್ಯೋತಿಷ್ಯವನ್ನೂ ತ್ಯಜಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ. ದೇವರೊಬ್ಬರಿಗೇ ಸಲ್ಲಬೇಕಾದ ಪ್ರೀತಿಪೂರ್ವಕ ಭಯಭಕ್ತಿಗೆ ಅವು ವಿರುದ್ಧವಾಗಿವೆ. ನೆರೆಯವರ ನಂಬಿಕೆಯನ್ನು ಹೀಯಾಳಿಸುವ ಅಧಿಕಾರವನ್ನು ಇದು ನಮಗೆ ಕೊಡುವುದಿಲ್ಲ. ನಮ್ಮ ಮನೆಯನ್ನು ನಾವು ಗುಡಿಸಿಕೊಳ್ಳಬೇಕೆಂದು ನೆನಪಿಸುತ್ತದೆ.

ಹಾಗಾದರೆ ಜನ್ಮದಿನವನ್ನು ಆಚರಿಸಬಾರದೇ? ಖಂಡಿತ ಆಚರಿಸಬೇಕು. ಧರ್ಮಸಭೆ ಸಂತರ ಹಬ್ಬಗಳನ್ನು ಸಾಮಾನ್ಯವಾಗಿ ಅವರು ಮರಣಹೊಂದಿದ ದಿನದಂದು ಆಚರಿಸುತ್ತದೆ. ಅವರು ಸ್ವರ್ಗಕ್ಕೆ ಹುಟ್ಟಿದ ದಿನವದು. ಬಾಳು ಏನಾಯಿತೆಂಬುದು ತೊಟ್ಟಿಲಲ್ಲಿ ತಿಳಿಯುವುದಿಲ್ಲ, ಬಾಳಿ ಮುಗಿಸಿದ ಮೇಲೆ ತಿಳಿಯುತ್ತದೆ ಎಂಬ ವಿವೇಕ ಅದರಲ್ಲಿ ಅಡಗಿದೆ. ಆದರೂ ಮೂರು ಜನನಗಳನ್ನು ಅದು ಹಬ್ಬವಾಗಿ ಕೊಂಡಾಡುತ್ತದೆ: ಡಿಸೆಂಬರ್ 25ರಂದು ಪ್ರಭುವಿನ ಜನನ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನ, ಜೂನ್ 24ರಂದು ಸ್ನಾನಿಕ ಯೊವಾನ್ನನ ಜನನ. ಕರಾವಳಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಮೊಂತಿ ಹಬ್ಬ, ಬೆಂಗಳೂರಿನ ಶಿವಾಜಿನಗರದ ಮಹಾಜಾತ್ರೆ, ಎರಡೂ ಒಬ್ಬ ಮಗಳ ಜನ್ಮದಿನದ ಸಂಭ್ರಮವೇ. ಅಲ್ಲಿ ಯಾರೂ ಗಳಿಗೆಯನ್ನು ಕೇಳುವುದಿಲ್ಲ. ಮಗುವನ್ನು ಕೊಟ್ಟವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ.

ಯೊವಾನ್ನನ ಜನ್ಮದಿನಕ್ಕೂ ಸಂಗೀತಕ್ಕೂ ಇರುವ ಒಂದು ಸಂಬಂಧ ನಮ್ಮ ಗಾನವೃಂದದ ಮಕ್ಕಳಿಗೆ ತಿಳಿದಿರಲಿ. ಹನ್ನೊಂದನೆಯ ಶತಮಾನದಲ್ಲಿ ಅರೆಜ್ಜೊ ನಗರದ ಗ್ವಿದೊ ಎಂಬ ಸನ್ಯಾಸಿ ಗಾಯಕರಿಗೆ ಸ್ವರಗಳನ್ನು ಕಲಿಸಲು ಸುಲಭ ದಾರಿಯನ್ನು ಹುಡುಕುತ್ತಿದ್ದರು. ಯೊವಾನ್ನನ ಹಬ್ಬದ ಲತೀನ್ ಸ್ತೋತ್ರವೊಂದರಲ್ಲಿ ಸಾಲುಸಾಲಿಗೂ ಸ್ವರ ಒಂದೊಂದು ಮೆಟ್ಟಲು ಮೇಲೇರುತ್ತದೆ. ಆ ಸಾಲುಗಳ ಮೊದಲ ಅಕ್ಷರಗಳನ್ನೇ ಅವರು ಸ್ವರಗಳ ಹೆಸರಾಗಿಸಿದರು. ಮೊದಲನೆಯದು ಆಮೇಲೆ ಬದಲಾಗಿ 'ದೊ' ಆಯಿತು. 'ರೆ, ಮಿ, ಫಾ' ಇಂದಿಗೂ ಉಳಿದಿವೆ. ತನ್ನ ಮಗುವಿಗೆ ಹೆಸರಿಟ್ಟಾಗ ಧ್ವನಿಯನ್ನು ಮರಳಿ ಪಡೆದ ಜೆಕರೀಯನ ಮನೆಯ ಹಬ್ಬದಿಂದಲೇ ಸ್ವರಗಳಿಗೂ ಹೆಸರು ಬಂತು.

ಆದ್ದರಿಂದ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳ ಜನ್ಮದಿನದಂದು ಅವರನ್ನು ಬಲಿಪೂಜೆಗೆ ಕರೆತನ್ನಿ. ಜ್ಞಾನಸ್ನಾನ ಪಡೆದ ದಿನವನ್ನೂ ಅವರಿಗೆ ತಿಳಿಸಿ, ಅಂದು ಮನೆಯಲ್ಲಿ ಒಂದು ಮೇಣದಬತ್ತಿ ಹಚ್ಚಿ. ನೀನು ಹುಟ್ಟಿದ್ದು ನಮಗೆ ಸಂತೋಷವೆಂದು ಬಾಯಿಬಿಟ್ಟು ಹೇಳಿ. ಕಾಲ್ಗುಣದ ಮಾತು ಯಾರ ಬಾಯಿಂದ ಬಂದರೂ, ಅವರು ಮನೆಯ ಹಿರಿಯರೇ ಆಗಿದ್ದರೂ, ವಿನಯದಿಂದ ತಡೆಯಿರಿ. ಹೆಣ್ಣು ನೋಡಲು ಹೋದಾಗ ನಕ್ಷತ್ರವನ್ನು ಕೇಳಬೇಡಿ, ಗುಣವನ್ನು ಕೇಳಿ. ನಿಮ್ಮ ಮಗುವಿನಲ್ಲಿ ಯಾವ ಸ್ವರ ಅಡಗಿದೆಯೆಂದು ತಿಳಿಯಬೇಕಾದರೆ ಪಂಚಾಂಗವನ್ನು ಮಡಚಿಟ್ಟು ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ; ಅದು ಆಡುವ ಮಾತನ್ನು ಕೇಳಿ.

ಈ ಮಗು ಮುಂದೆ ಏನಾಗಲಿದೆಯೋ ಎಂದು ಯೂದೇಯದ ಜನ ಕೇಳಿಕೊಂಡಾಗ ಶುಭಸಂದೇಶಕಾರನು ಕೊಡುವ ವಿವರಣೆ ಒಂದೇ: ಪ್ರಭುವಿನ ಹಸ್ತ ಆ ಮಗುವಿನೊಡನೆ ಇತ್ತು. ಜನವರಿಯ ಒಂದರಂದು ಹುಟ್ಟಲಿ, ಅಮಾವಾಸ್ಯೆಯ ನಡುರಾತ್ರಿಯಲ್ಲಿ ಹುಟ್ಟಲಿ, ನಮ್ಮ ಮನೆಗಳಲ್ಲಿ ಹುಟ್ಟುವ ಪ್ರತಿಯೊಂದು ಮಗುವಿನೊಡನೆಯೂ ಅದೇ ಹಸ್ತವಿದೆ. ಆ ನಂಬಿಕೆಯಲ್ಲಿ ನಮ್ಮ ಮಕ್ಕಳನ್ನು ಬೆಳೆಸುವ ಕೃಪೆಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.